ಸಮುದ್ರ ದಾಟಿದ ಹೇಳಿಕೆ

“ಸಮುದ್ರ ದಾಟಬೇಕಾದರೂ ಸರಿ, ಮನೆ ಮೆಟ್ಟಿಲು ಹತ್ತಿಯೇ ಹೇಳಿಕೆ ಕೊಡುವವನು ಈ ಗೌರೀಶಂಕರ!”

ಪುತ್ತೂರಿನ ನನ್ನ ಪೈಪು-ಪಂಪುಸೆಟ್ಟಿನ ಅಂಗಡಿಯಲ್ಲಿ ನಿಂತು, ಗಿರಾಕಿಗಳೆಲ್ಲ ಕೇಳುವಂತೆ ನಾನು ಹೀಗೆ ಸಾರಿದೆ. ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ ಹೇಳಿಕೆ ಎನ್ನುತ್ತೇವೆ. ಕಾಗದವನ್ನು ಅಂಚೆಗೆ ಹಾಕಿದರೆ ಅದು ಹೇಳಿಕೆಯಲ್ಲ. ಫೋನು ಮಾಡಿದರೂ ಅಲ್ಲ. ವಾಟ್ಸಾಪಿನಲ್ಲಿ ಗಣಪತಿಯ ಚಿತ್ರದೊಡನೆ ಕಳಿಸಿದರಂತೂ ಅದು ಶುದ್ಧ ಅವಮಾನ! ಗಂಡಹೆಂಡತಿ ಜೊತೆಯಾಗಿ ಮನೆಗೆ ಹೋಗಬೇಕು, ಅವರು ಕೊಟ್ಟ ಬೆಲ್ಲ ನೀರು ಮುಟ್ಟಬೇಕು, ಎದ್ದು ನಿಂತು ಅರಸಿನ ಹಚ್ಚಿದ ಕಾಗದವನ್ನು ಆ ಮನೆಯ ಗಂಡಹೆಂಡತಿಯ ಕೈಗಿತ್ತು, “ಎರಡು ದಿನ ಮೊದಲೇ ಬಂದು ಚೆಂದಗಾಣಿಸಿ ಕೊಡಬೇಕು” ಎನ್ನಬೇಕು. ಇದರಲ್ಲಿ ಒಂದು ತಪ್ಪಿದರೂ ನನ್ನ ನ್ಯಾಯಾಲಯದಲ್ಲಿ ಹೇಳಿಕೆ ಅಸಿಂಧು.

ಈ ಘೋಷಣೆಗೆ ಒಂದು ಒಳಗುಟ್ಟಿತ್ತು. ಹೆಚ್ಚು ಪೈಪು ಮಾರಿದ ಅಂಗಡಿಯವರನ್ನು ಕಂಪೆನಿಯವರು ಕೊಚ್ಚಿಯಿಂದ ಹಡಗಿನಲ್ಲಿ ವಿಹಾರಕ್ಕೆ ಕರೆದುಕೊಂಡು ಹೋಗುವವರಿದ್ದರು. ಬಿಟ್ಟಿ ಪ್ರಯಾಣ, ಬಿಟ್ಟಿ ಊಟ! ಆದರೆ ದಿನ ಬಿದ್ದದ್ದು ಮಗಳು ರಮ್ಯಶ್ರೀಯ ಮದುವೆಗೆ ಎರಡೇ ವಾರ ಇರುವಾಗ.

“ಮದುವೆ ಮನೆ ಬಿಟ್ಟು ಹಡಗಲ್ಲಿ ತಿರುಗ್ಲಿಕ್ಕೆ ಹೋದ್ರೆ ಜನ ಎಂತ ಹೇಳಿಯಾರು?” ಎಂದಳು ಹೆಂಡತಿ ದೇವಕಿ.

ಆಗ ನನ್ನ ತಲೆ ಮಿಂಚಿತು. ಹಡಗು ನಡುವೆ ಒಂದು ಸಣ್ಣ ದ್ವೀಪದ ಬಂದರಿನಲ್ಲಿ ಅರ್ಧ ದಿನ ನಿಲ್ಲುತ್ತದೆ. ಅದೇ ದ್ವೀಪದ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವವನು ಹರಿಪ್ರಸಾದ್, ದೇವಕಿಯ ಚಿಕ್ಕಪ್ಪನ ಮಗ! ದೇವಕಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ರಮ್ಯಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಅವನೊಬ್ಬನೇ.

“ಫೋನಲ್ಲಿ ಹೇಳಿದ್ರೆ ಹರಿ ಬರುದಿಲ್ವಾ?”

“ಸೋದರಮಾವನಿಗೆ ಫೋನಲ್ಲಿ ಹೇಳುದಾ? ನಾಳೆ ಅವನೂ ಹುಡುಗಿಯನ್ನು ಫೋನಲ್ಲೇ ಮಂಟಪಕ್ಕೆ ಕರ್ಕೊಂಡು ಬಂದ್ರೆ?”

ದೇವಕಿಯ ಬಾಯಿ ಮುಚ್ಚಿತು. ನನ್ನ ಬಾಯಿ ಮುಚ್ಚಲಿಲ್ಲ. ಪುತ್ತೂರಿನಿಂದ ಕೆದಂಬಾಡಿಯ ನಮ್ಮ ಮನೆಯ ತನಕ ಸಿಕ್ಕಿದವರಿಗೆಲ್ಲ, “ವಿಹಾರ ಎಂತದ್ದು ಮಾರಾಯ್ರೆ, ಹೇಳಿಕೆಗೆ ಹೋಗುದು” ಎಂದು ಹೇಳಿಕೊಂಡೇ ಹಡಗು ಹತ್ತಿದೆ. ಅಂದರೆ ಹೇಳಿಕೆ ಕೊಡದೆ ಹಿಂದೆ ಬಂದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ!

ದ್ವೀಪದ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಪೊಲೀಸರಿಗೆ ನನ್ನ ನೆನಪಾದೀತು.

ಆ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವಷ್ಟು ಆಳವಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಿತು, ನಮ್ಮನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಟ್ಟರು. ಜೆಟ್ಟಿಯಲ್ಲಿ ಪೇದೆಯೊಬ್ಬ ಪರವಾನಗಿ ನೋಡಿ ಖಡಕ್ಕಾಗಿ ಹೇಳಿದ: ಕೊನೆಯ ದೋಣಿ ಮೂರು ಗಂಟೆಗೆ. ಪರವಾನಗಿ ಈ ದಿನಕ್ಕೆ ಮಾತ್ರ. ತಪ್ಪಿದರೆ ಠಾಣೆ. ಮುಂದಿನ ಹಡಗು ಯಾವಾಗ ಎಂಬುದು ಹವಾಮಾನಕ್ಕೆ ಬಿಟ್ಟದ್ದು.

“ಕೇಳಿತಲ್ಲ?” ಎಂದಳು ದೇವಕಿ. “ಇಲ್ಲಿ ಉಳಿದ್ರೆ ಮಗಳ ಮದುವೆಗೆ ಅಪ್ಪ ಅಮ್ಮನೇ ಇಲ್ಲ.”

“ಇಡೀ ದ್ವೀಪ ನಮ್ಮ ಪೇಟೆಯಷ್ಟು ಉದ್ದ ಇಲ್ಲ. ಮಧ್ಯಾಹ್ನಕ್ಕೆ ಮೊದಲೇ ಬಂದು ಇಲ್ಲಿ ಕಾಲಾಡಿಸ್ತಾ ಕೂತುಕೊಳ್ಳುವ!”

ಮಶೂದ್ ಎಂಬವನ ಆಟೋ ಹಿಡಿದೆವು. ನನ್ನ ಅಜ್ಜನಮನೆ ಆಲೆಟ್ಟಿ, ಕೇರಳದ ಗಡಿ ಅಲ್ಲೇ ಪಕ್ಕ. ಮಲಯಾಳ ನನಗೆ ನೀರು ಕುಡಿದಷ್ಟು ಸಲೀಸು. “ಬ್ಯಾಂಕಿಗೆ ಎಷ್ಟು ಹೊತ್ತು?” ಎಂದೆ. “ಈಗ ಮುಟ್ಟಿತು” ಎಂದ. ಮುಟ್ಟುವ ಮೊದಲು ಅವನ ಮಾವನ ಅಂಗಡಿಗೆ ಸಕ್ಕರೆ ಮೂಟೆ ಮುಟ್ಟಿತು, ಅಣ್ಣನ ಮನೆಗೆ ಗ್ಯಾಸು ಮುಟ್ಟಿತು. ನಾವು ಬ್ಯಾಂಕಿಗೆ ಮುಟ್ಟುವಾಗ ಮ್ಯಾನೇಜರ್ ಹೊರಗೆ ಹೋಗಿಯಾಗಿತ್ತು.

“ಮೊದಲೇ ಫೋನು ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ದೇವಕಿ ಕೇಳಿದಳು.

ಹೇಳದೆ ಹೋಗಿ ಭಾವಮೈದುನನನ್ನು ಬೆರಗುಗೊಳಿಸುವುದು ನನ್ನ ಯೋಜನೆಯಾಗಿತ್ತು. ಈಗ ಫೋನು ತೆಗೆದರೆ ನನ್ನ ಸಿಮ್ಮಿಗೆ ಆ ದ್ವೀಪದಲ್ಲಿ ಉಸಿರೇ ಇಲ್ಲ! ಬ್ಯಾಂಕಿನವರು ಮ್ಯಾನೇಜರರ ಮನೆಯ ದಾರಿ ತೋರಿಸಿದರು. ಮಶೂದ್ ನಮ್ಮನ್ನು ಅಲ್ಲಿ ಇಳಿಸಿ ಹೊರಗೆ ಕಾದು ನಿಂತ.

ಮನೆಯಲ್ಲಿ ಹರಿಪ್ರಸಾದನ ಹೆಂಡತಿ ದೀಪಶ್ರೀ ಒಬ್ಬಳೇ ಇದ್ದಳು. ಬಾಗಿಲು ತೆರೆದವಳು ನಮ್ಮನ್ನು ಕಂಡು “ಅಕ್ಕಾ!” ಎಂದು ದೇವಕಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಊರಿನವರ ಮುಖ ಕಾಣದೆ ಆರೇಳು ತಿಂಗಳಾಗಿತ್ತಂತೆ. ದೇವಕಿಯೂ ಅತ್ತಳು. ನಾನು ಗಡಿಯಾರ ನೋಡಿದೆ.

ದೀಪಶ್ರೀ ಗಂಡನಿಗೆ ಫೋನು ಮಾಡಿ, “ಈಗ ಬರ್ತಾರಂತೆ, ಕೂತ್ಕೊಳ್ಳಿ” ಎಂದಳು. ಬೆಲ್ಲ ನೀರು ಬಂತು. ಕಾಫಿ ಬಂತು. ಒತ್ತಾಯದ ಊಟವೂ ಆಯಿತು. ಹರಿಪ್ರಸಾದ ಬರಲಿಲ್ಲ.

“ದೀಪನ ಕೈಗೆ ಕಾಗದ ಕೊಟ್ಟು ಹೊರಡುವ” ಎಂದು ದೇವಕಿ ಪಿಸುಗುಟ್ಟಿದಳು.

“ಯಜಮಾನ ಇಲ್ಲದೆ ಕೊಟ್ಟರೆ ಅರ್ಧ ಹೇಳಿಕೆ!” ನಾನು ಪಿಸುಗುಟ್ಟಿದೆ. “ಅರ್ಧ ಹೇಳಿಕೆಗೆ ಸಮುದ್ರ ದಾಟಿದ್ದಾ?”

ಇಷ್ಟರಲ್ಲಿ ಅಡುಗೆಮನೆಯಿಂದ ಹೆಸರುಬೇಳೆ ಹುರಿಯುವ ಪರಿಮಳ ಬಂತು. ಬೇಳೆ ಹುರಿದು, ಬೇಯಿಸಿ, ಬೆಲ್ಲ ಹಾಕಿ, ತೆಂಗಿನಹಾಲು ಹಿಂಡಿ... ಪಾಯಸವಾಗುವಾಗ ಹಡಗು ಕೊಚ್ಚಿ ಸೇರೀತು!

“ದೀಪಾ, ಅದೆಲ್ಲ ಬೇಡಮ್ಮ!”

“ಹಾಗೆ ಹೇಳ್ಬೇಡಿ ಭಾವ. ಮದುವೆ ಹೇಳ್ಲಿಕ್ಕೆ ಬಂದವರನ್ನು ಸಿಹಿ ಇಲ್ಲದೆ ಕಳಿಸಿದ್ರೆ ಊರಲ್ಲಿ ಎಂತ ಹೇಳಿಯಾರು?”

ಊರಲ್ಲಾಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಗೋಡೆಯ ಗಡಿಯಾರದ ಮುಳ್ಳು ಅಲ್ಲಿಯ ತನಕ ತೆವಳುತ್ತಿದ್ದದ್ದು ಈಗ ಓಡತೊಡಗಿತು. ಎರಡು ಗಂಟೆ ದಾಟಿತು. ಆಗ ದೀಪಶ್ರೀಯ ಫೋನು ರಿಂಗಾಯಿತು. ಹರಿಪ್ರಸಾದ! ನಾವು ಹೊರಟಿರಬಹುದೆಂದು ಎಣಿಸಿ ಅವನು ಸೀದಾ ಜೆಟ್ಟಿಗೆ ಹೋಗಿದ್ದಾನೆ!

“ಭಾವ, ನಾನು ಜೆಟ್ಟಿಯಲ್ಲೇ ಇದ್ದೇನೆ. ನೀವು ಇಲ್ಲಿಗೇ ಬನ್ನಿ, ಇಲ್ಲೇ ಮಾತಾಡುವ.”

ಬುದ್ಧಿಯಿದ್ದವನು ಆಗಲೇ ಹೊರಡುತ್ತಿದ್ದ. ನಾನು ಎಂತ ಹೇಳಿದೆ ಗೊತ್ತೇ?

“ಬೀದಿಯಲ್ಲಿ ನಿಂತು ಹೇಳ್ಲಿಕ್ಕೆ ಇದೆಂತ ಓಟಿನ ಪ್ರಚಾರವಾ? ನೀನು ಮನೆಗೆ ಬಾ ಮಾರಾಯ!”

ದೇವಕಿ ನನ್ನನ್ನು ನೋಡಿದ ನೋಟವನ್ನು ವರ್ಣಿಸುವ ಧೈರ್ಯ ನನಗಿಲ್ಲ. ಹತ್ತು ನಿಮಿಷ ಕಳೆಯಿತು. ಪಾಯಸ ಕುದಿಯುತ್ತಿತ್ತು. ನಾನೂ ಕುದಿಯುತ್ತಿದ್ದೆ. ಅಷ್ಟರಲ್ಲಿ ದೂರದಿಂದ ಹಡಗು “ಭೋಂ” ಎಂದು ಕೂಗಿತು! ಪ್ರಯಾಣಿಕರನ್ನು ಕರೆಯುವ ಮೊದಲ ಕೂಗು.

ದೇವಕಿ ಎದ್ದು ನಿಂತಳು. ಕಣ್ಣಲ್ಲಿ ನೀರು.

“ನೀವು ಬೇಕಾದ್ರೆ ಇಲ್ಲೇ ಇದ್ದು ಶಾಸ್ತ್ರ ಮಾಡಿ. ನಾನು ಹೋಗ್ತೇನೆ. ನನ್ನ ಮಗಳಿಗೆ ಅಮ್ಮ ಬೇಕು!”

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮಗಳು ಹಸೆಮಣೆಯಲ್ಲಿ ಕೂತು ದಾರಿ ನೋಡುವುದು, ನಾನು ದ್ವೀಪದ ಠಾಣೆಯಲ್ಲಿ ಕೂತು ಹೇಳಿಕೆಯ ನಿಯಮಗಳನ್ನು ಪೇದೆಗೆ ವಿವರಿಸುವುದು ಎರಡೂ ಕಣ್ಣಿಗೆ ಕಟ್ಟಿದವು. ಚೀಲ ಎತ್ತಿ ಓಡಿದೆ. ಹಿಂದಿನಿಂದ ದೇವಕಿ, ಅವಳ ಹಿಂದಿನಿಂದ ಪಾಯಸದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ದೀಪಶ್ರೀ! ಮೂವರೂ ಪಾಯಸವೂ ಮಶೂದನ ಆಟೋದಲ್ಲಿ ತುಂಬಿಕೊಂಡೆವು.

“ಓಡಿಸು ಮಾರಾಯ!” ಎಂದೆ. ಗಾಬರಿಯಲ್ಲಿ ಮಲಯಾಳ ಮರೆತು ಕನ್ನಡ ಬಂದಿತ್ತು. ಅವನಿಗೆ ಅರ್ಥವಾಯಿತು.

ಅರ್ಧ ದಾರಿಯಲ್ಲಿ ಒಬ್ಬ ಮನುಷ್ಯ ಬೆವರು ಸುರಿಸುತ್ತಾ ಸ್ಕೂಟರ್ ದೂಡಿಕೊಂಡು ಬರುತ್ತಿದ್ದ. ಹರಿಪ್ರಸಾದ! ಪೆಟ್ರೋಲು ಮುಗಿದಿತ್ತು. ಸ್ಕೂಟರನ್ನು ಅಲ್ಲೇ ತೆಂಗಿನ ಮರಕ್ಕೆ ಒರಗಿಸಿ ಅವನನ್ನು ಮುಂದಿನ ಸೀಟಿನಲ್ಲಿ ಮಶೂದನ ಪಕ್ಕ ಕುಕ್ಕಿದೆವು. ಹಡಗು ಎರಡನೆಯ ಸಲ ಕೂಗಿತು.

“ಈಗ ಹೇಳಿ!” ಎಂದಳು ದೇವಕಿ.

“ಆಟೋದಲ್ಲಾ?”

“ಮೇಲೆ ಸೂರು ಉಂಟು, ಒಳಗೆ ಗಂಡ ಹೆಂಡತಿ ಇಬ್ಬರೂ ಉಂಟು, ಪಾಯಸವೂ ಉಂಟು. ಇನ್ನೆಂತ ಬೇಕು ನಿಮಗೆ ಮನೆಗೆ?”

ನಾನು ಕಾಗದ ತೆಗೆದೆ. ಎದ್ದು ನಿಲ್ಲಹೋಗಿ ತಲೆ ಆಟೋದ ಕಂಬಿಗೆ ಬಡಿಯಿತು. ಬಗ್ಗಿಕೊಂಡೇ, “ರಮ್ಯನ ಮದುವೆ... ಎರಡು ದಿನ ಮೊದಲೇ...” ಎಂದು ತೊಡಗಿದೆ. ಗಕ್ಕನೆ ಆಟೋ ನಿಂತಿತು! ಮಶೂದ್ ಇಂಜಿನನ್ನೂ ಆರಿಸಿಬಿಟ್ಟಿದ್ದ.

“ಎಂತ ಆಯ್ತು?” ನಾನು ಕಿರುಚಿದೆ.

“ನಿಕಾಹಿಗೆ ಕರೆಯುವ ಮಾತಲ್ಲವಾ ಸರ್?” ಅವನು ಕೈಕಟ್ಟಿ ಗಂಭೀರವಾಗಿ ಹೇಳಿದ. “ಅಂಥ ಮಾತನ್ನು ಓಡುವ ಗಾಡಿಯಲ್ಲಿ ಹೇಳಬಾರದು. ನೆಮ್ಮದಿಯಾಗಿ ಹೇಳಿ.”

ನನಗಿಂತ ದೊಡ್ಡ ಶಾಸ್ತ್ರಿ! ಬಗ್ಗಿದ ಬೆನ್ನು, ಬಡಿದ ತಲೆ, ಕೂಗುವ ಹಡಗು. ಇವುಗಳ ನಡುವೆ ನಾನು ನೆಮ್ಮದಿಯಾಗಿ ಹೇಳಿಕೆ ಕೊಟ್ಟೆ. ಹರಿಪ್ರಸಾದ, ದೀಪಶ್ರೀ ಇಬ್ಬರೂ ಕಾಗದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮಶೂದ್ ನನ್ನನ್ನೇ ನೋಡುತ್ತಿದ್ದ. ಎದುರಿಗೆ ಕೂತವನಿಗೆ ಹೇಳದೆ ಇರಲಾಗುತ್ತದೆಯೇ? ಅವನಿಗೂ ಒಂದು ಕಾಗದ ಕೊಟ್ಟು, ಚೆಂದಗಾಣಿಸಬೇಕೆಂದೆ. ಆಮೇಲೆ ಅವನು ಓಡಿಸಿದ ವೇಗಕ್ಕೆ ಪಾಯಸದ ಕಾಲುಭಾಗ ನನ್ನ ಪಂಚೆಗೆ ಸಂದಿತು.

ಜೆಟ್ಟಿಗೆ ಮುಟ್ಟುವಾಗ ಕೊನೆಯ ದೋಣಿ ಹಗ್ಗ ಬಿಚ್ಚಿ ಅಷ್ಟು ದೂರ ಹೋಗಿತ್ತು! ದೇವಕಿ ಅಲ್ಲೇ ನೆಲಕ್ಕೆ ಕುಸಿದಳು. ಪೇದೆ ಪರವಾನಗಿ ಕೇಳುತ್ತಾ ಬಂದ. ನನ್ನ ಕೈಗೆ ಸಿಕ್ಕಿದ್ದು ಪರವಾನಗಿಯಲ್ಲ, ಮದುವೆಯ ಕಾಗದ. ಅದನ್ನೇ ಅವನ ಕೈಗೆ ಕೊಟ್ಟು, “ನನ್ನ ಮಗಳ ಮದುವೆ. ನೀವೂ ಬರಬೇಕು. ಆದರೆ ಮೊದಲು ನಾವು ಹೋಗಬೇಕು!” ಎಂದೆ. ಪೇದೆ ಕಾಗದ ನೋಡಿದ, ನೆಲದಲ್ಲಿ ಕೂತ ದೇವಕಿಯನ್ನು ನೋಡಿದ. ಬಾಯಿಗೆ ಬೆರಳಿಟ್ಟು ಎಂಥ ಸಿಳ್ಳು ಹೊಡೆದನೆಂದರೆ ದೋಣಿ ತಿರುಗಿ ಬಂತು!

ಉಪಕಾರ ಮಾಡಿದವರನ್ನು ಮರೆಯಲಾದೀತೇ? ದೋಣಿಯವರಿಗೆ ಕೊಟ್ಟೆ. ಹಗ್ಗ ಹಿಡಿದವನಿಗೆ ಕೊಟ್ಟೆ. ಜೆಟ್ಟಿಯಲ್ಲಿ ಗಾಳ ಹಾಕುತ್ತಿದ್ದ ಮುದುಕರೊಬ್ಬರು ಆಸೆಯಿಂದ ನೋಡಿದರು, ಅವರಿಗೂ ಕೊಟ್ಟೆ. ಕೊಚ್ಚಿಯ ನೆಂಟರಿಗೆಂದು ತಂದ ಕಟ್ಟು ಅಲ್ಲೇ ಖಾಲಿಯಾಯಿತು.

ದೋಣಿ ಹೊರಟಾಗ ಹರಿಪ್ರಸಾದ ಜೆಟ್ಟಿಯ ತುದಿಯ ತನಕ ಓಡಿ ಬಂದ.

“ಅಕ್ಕಾ, ರಮ್ಯನನ್ನು ಮಂಟಪಕ್ಕೆ ಕರ್ಕೊಂಡು ಬರುದು ನಾನೇ! ಈಜಿಕೊಂಡಾದ್ರೂ ಬರ್ತೇನೆ!”

ದೇವಕಿ ಕೈಬೀಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ನಾನು ಗಡಿಯಾರ ನೋಡಲಿಲ್ಲ. ಹಡಗಿನ ಏಣಿ ಹತ್ತುವಾಗ ಮೇಲಿನಿಂದ ಜನರೆಲ್ಲ ಚಪ್ಪಾಳೆ ತಟ್ಟಿದರು. ಪಾಯಸ ಹತ್ತಿದ ಪಂಚೆಯಲ್ಲೇ ನಾನು ಅವರಿಗೆ ಕೈಮುಗಿದೆ. ಲಂಕೆಯಿಂದ ಮರಳಿದ ಹನುಮಂತನಿಗೂ ಇಷ್ಟು ಹೆಮ್ಮೆಯಾಗಿರಲಿಕ್ಕಿಲ್ಲ.

ಮರುದಿನ ಕೊಚ್ಚಿಯ ಬಂದರು ಕಾಣುತ್ತಲೇ ನನ್ನ ಫೋನಿಗೆ ಜೀವ ಬಂತು. ಮೊದಲ ಕರೆಯೇ ಮಗಳದ್ದು.

“ರಮ್ಯಾ, ಹೇಳಿಕೆ ಆಯ್ತು! ಇಡೀ ದ್ವೀಪಕ್ಕೇ ಆಯ್ತು!”

“ಅಪ್ಪಾ, ಅದು ಆಮೇಲೆ ಹೇಳಿ. ಇಲ್ಲಿ ಚಪ್ಪರದವರು ಅಳತೆ ತೆಗೀಲಿಕ್ಕೆ ಬಂದಿದ್ದಾರೆ. ಶೀನಪ್ಪಣ್ಣ ಅವರ ಜಾಗಕ್ಕೆ ಕಾಲಿಡ್ಲಿಕ್ಕೆ ಬಿಡುದಿಲ್ಲ.”

ಶೀನಪ್ಪ ನಮ್ಮ ಬೇಲಿಯಾಚೆಯ ಮನೆಯವರು. ನಮ್ಮ ಅಂಗಳ ಸಾಲದ್ದಕ್ಕೆ ಮದುವೆಯ ಚಪ್ಪರ ಅರ್ಧ ಅವರ ಅಂಗಳದಲ್ಲೇ ಏಳಬೇಕು. ತಿಂಗಳಿನಿಂದ ದಿನಾ ಅವರೊಡನೆ ಬೇಲಿಯ ಬದಿಯಲ್ಲಿ ನಿಂತು ಕಂಬ ಎಲ್ಲಿ, ಒಲೆ ಎಲ್ಲಿ ಎಂದು ಚರ್ಚಿಸಿದ್ದೆ.

“ಯಾಕಂತೆ?”

“ಮದುವೆಗೆ ಹೇಳಿಕೆ ಇಲ್ಲದವರ ಅಂಗಳದಲ್ಲಿ ಚಪ್ಪರ ಯಾಕೆ ಅಂತ ಕೇಳ್ತಾರೆ.”

ನಾನು ದೇವಕಿಯ ಮುಖ ನೋಡಿದೆ. ದೇವಕಿ ನನ್ನ ಮುಖ ನೋಡಿದಳು.

“ನಾವು ಅವರ ಮನೆಗೆ ಹೋಗಿಲ್ವಾ?”

“ದಿನಾ ಕಾಣುವವರಲ್ಲ... ನಾಳೆ ಹೋದ್ರಾಯ್ತು ಅಂತ...” ದೇವಕಿಯ ದನಿ ಇಂಗಿತು.

ಮಗಳು ಫೋನನ್ನು ಶೀನಪ್ಪಣ್ಣನಿಗೆ ಕೊಟ್ಟಳು. ನಾನು ಹಡಗಿನ ಕಟಕಟೆ ಹಿಡಿದುಕೊಂಡು ಎಂದೆ: “ಶೀನಪ್ಪಣ್ಣ, ದೊಡ್ಡ ತಪ್ಪಾಯ್ತು. ಕೋಪ ಮಾಡ್ಬೇಡಿ.”

“ಚೆ ಚೆ, ಕೋಪ ಎಂತದ್ದು ಮಾರಾಯ್ರೆ!” ಬಹಳ ತಣ್ಣಗಿನ ದನಿ. “ತಪ್ಪು ನನ್ನದೇ. ಮನೆ ಕಟ್ಟುವಾಗ ಆಲೋಚನೆ ಮಾಡ್ಲಿಲ್ಲ, ನಿಮ್ಮ ಬೇಲಿಗೆ ತಾಗಿಸಿ ಕಟ್ಟಿಬಿಟ್ಟೆ. ಒಂದು ದ್ವೀಪದಲ್ಲಿ ಕಟ್ಟಿದ್ರೆ ನನಗೂ ಕಾಗದ ಸಿಗ್ತಿತ್ತು!”