ಹೆಸರಿಲ್ಲದ ಗಿಡ ಮತ್ತು ನನ್ನ ಮಾನ

ಹುನಗುಂದದ ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರದ ಮಾಸ್ತರ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದಾಗಲೆಲ್ಲ ಒಂದಲ್ಲ ಒಂದು ಫಜೀತಿ ನನಗೆ ಗಂಟುಬೀಳುತ್ತದೆ. ಈ ಸಲ ಅದು ಶಾಲೆಯ ಬೇಲಿ ಪಕ್ಕ ತಾನಾಗಿ ಬೆಳೆದ ಪೊದೆಯಿಂದ ಬಂತು. ಸೋಮವಾರದೊಳಗೆ ಎಲ್ಲ ಗಿಡಗಳಿಗೂ ಹೆಸರಿನ ಫಲಕ ಹಾಕಬೇಕೆಂದು ಹೆಡ್‌ಮಾಸ್ತರರ ಅಪ್ಪಣೆ. ಇದೊಂದರ ಹೆಸರು ಮಾತ್ರ ನನಗೆ ತಿಳಿಯದು. "ಹೂ ಬಿಡ್ಲಿ, ನೋಡಿದ ಕೂಡ್ಲೆ ಹೇಳ್ತೇನಿ" ಎಂದು ಎಲ್ಲರೆದುರು ಕೊಚ್ಚಿಕೊಂಡುಬಿಟ್ಟೆ.

ಎಲೆ

ಎದುರುಬದುರು ಎಲೆ, ಎಲೆಯ ಬುಡದಲ್ಲಿ ಮುಳ್ಳು. ಒಂದು ಟೊಂಗೆ ಮುರಿದುಕೊಂಡು ಹೋಗಿ ಮರೋಳದ ರಸ್ತೆಯಲ್ಲಿ ಕುರಿ ಕಾಯುವವನೊಬ್ಬನ ಮುಂದೆ ಹಿಡಿದೆ. ಆತ ತಲೆ ಎತ್ತುವಷ್ಟರಲ್ಲಿ ಅವನ ಆಡು ಎಲೆಯನ್ನೆಲ್ಲ ಮುಗಿಸಿತ್ತು.

"ಯಾವ ಗಿಡಾ ಅಂತ ಗೊತ್ತಾತೇನಪಾ?"

"ನಾ ಎಲ್ಲಿ ನೋಡೇನ್ರಿ ಸರ? ಆಡಿಗೆ ಕೇಳ್ರಿ, ಅದಕ್ಕ ಗೊತ್ತಾಗೇತಿ."

ಮೊಗ್ಗು

ಗುರುವಾರ ಮೊಗ್ಗು ಕಂಡವು. ಶುಕ್ರವಾರ ಬೆಳಗ್ಗೆ ಐದಕ್ಕೇ ಹೋದೆ. ಗಿಡ ಬೋಳು! ಶಾಲೆಯ ಎದುರುಮನೆಯ ಅಜ್ಜಿ ಬುಟ್ಟಿಗೆ ಸೆರಗು ಮುಚ್ಚಿಕೊಂಡು ಹೊರಟಿದ್ದಳು. ಮೊಮ್ಮಗಳಿಗೆ ವರ ಗೊತ್ತಾಗಲೆಂದು ಬೀರಪ್ಪನಿಗೆ ದಿನಾ ಹೂ ಏರಿಸುವ ಹರಕೆಯಂತೆ.

"ಅಜ್ಜಿ, ಒಂದ ಹೂ ತೋರಸ್ರಿ."

"ಮೂಸಿಗೀಸಿ ಮೈಲಿಗಿ ಮಾಡೀರಿ! ಏರಿಸಿದ ಮ್ಯಾಲ ಗುಡಿಯಾಗ ನೋಡ್ರಿ."

ಗಿಡದ ಹೆಸರಾದರೂ ಕೇಳೋಣವೆಂದರೆ ನಾಚಿಕೆ. ಆ ಮೊಮ್ಮಗಳಿಗೆ ಜೀವಶಾಸ್ತ್ರ ಕಲಿಸಿದವನು ನಾನೇ. ಶನಿವಾರ ನಾಲ್ಕೂವರೆಗೆ ಹೋದೆ. ಅಜ್ಜಿ ನಾಲ್ಕಕ್ಕೇ ಬಂದು ಹೋಗಿದ್ದಳು.

ಹೂ

ಭಾನುವಾರ ಗುಡಿಗೇ ಹೋದೆ. ಗಂಡನಿಗೆ ಕೊನೆಗೂ ಭಕ್ತಿ ಬಂತೆಂದು ಹೆಂಡತಿ ಖುಷಿಯಿಂದ ಜೊತೆಗೆ ಬಂದಳು. ಅಲ್ಲಿ ಅಜ್ಜಿ ದೇವರ ಅಪ್ಪಣೆ ಕೇಳಲು ಕೂತಿದ್ದಳು. ಗುಡೂರಿನ ಹುಡುಗ ಆಗಬಹುದೇ? ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಹೂ ಯಾವ ಕಡೆ ಬೀಳುತ್ತದೆಂದು ಎಲ್ಲರೂ ನೋಡುತ್ತಿದ್ದರು. ನಾನು ಕತ್ತು ಚಾಚಿ ಎಸಳು ಎಣಿಸುತ್ತಿದ್ದೆ. ಹಳದಿ ಬಣ್ಣ, ನಾಲ್ಕು ಎಸಳು ಒಟ್ಟಿಗೆ, ಒಂದು ಬೇರೆ... ಅಷ್ಟರಲ್ಲಿ ಹೂ ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಹಿಡಿದುಬಿಟ್ಟಿತು.

"ಮುಳ್ಳುಗೋರಂಟಿ!" ಎಂದು ಕೂಗಿದೆ.

ಅಜ್ಜಿಯ ಕಣ್ಣಲ್ಲಿ ನೀರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

"ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ," ಎಂದ ಪೂಜಾರಿ. "ದೇವರು ನಿಮ್ಮ ಕೈಯಾಗ ಕೊಟ್ಟಾನ. ಇನ್ನ ವರಾ ನೀವ ಹುಡುಕಬೇಕ್ರಿ ಸರ."

ಸೋಮವಾರ ಫಲಕ ಏರಿತು, ನನ್ನ ಮಾನ ಉಳಿಯಿತು. ಅಂದಿನಿಂದ ರಜೆ ಬಂದರೆ ಸಾಕು, ಬಾದಾಮಿ, ಇಳಕಲ್ಲು ಎಂದು ವರ ನೋಡುತ್ತ ತಿರುಗುತ್ತಿದ್ದೇನೆ. ಯಾವ ಹುಡುಗನನ್ನು ಕಂಡರೂ ಇವನೇ ಎನ್ನಲು ಧೈರ್ಯ ಸಾಲದು.

ನಿನ್ನೆ ಹೆಂಡತಿ ಅಂದಳು: "ಈ ಸಲ ಹೂ ಬಿಡೂತನಾ ಕಾಯಬ್ಯಾಡ್ರಿ. ಎಲಿ ನೋಡೇ ಹೇಳಿಬಿಡ್ರಿ."