ನಾಲ್ಕನೆಯ ಹಂತ

ಕಂಪ್ಯೂಟರ್ ಲ್ಯಾಬಿಗೆ ಅಷ್ಟು ದೊಡ್ಡ ಕಿಟಕಿ ಇಟ್ಟ ಪುಣ್ಯಾತ್ಮನನ್ನು ಕರ್ಸರ್ ಮೇಷ್ಟ್ರು ದಿನವೂ ಮನಸ್ಸಿನಲ್ಲೇ ಹರಸುತ್ತಿದ್ದರು. ಪರೀಕ್ಷೆಯ ದಿನ ಮಾತ್ರ, ಅವನು ಅಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ ಮುಚ್ಚಿಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕಿಟಕಿಯಾಚೆ ಒಂದು ಲಾಂಡ್ರಿಯ ತಾರಸಿ. ಅಲ್ಲಿ ಒಗೆದು ಹರವಿದ ಬಿಳಿ ಹೊದಿಕೆಗಳು ಗಾಳಿಗೆ ಉಬ್ಬಿ ಹಾಯಿಯ ಹಾಗೆ ನಿಲ್ಲುತ್ತಿದ್ದವು. ವರ್ಡ್ ಪ್ರೊಸೆಸಿಂಗ್ ಪಾಠ ಮಾಡುತ್ತ, "ಹೆಡಿಂಗ್ ಸೆಲೆಕ್ಟ್ ಮಾಡಿ, ದಪ್ಪ ಮಾಡಿ, ನಡುವಿಗೆ ತನ್ನಿ" ಅನ್ನುವಷ್ಟರಲ್ಲಿ ಮೇಷ್ಟ್ರ ಕಣ್ಣು ಅತ್ತ ಜಾರುತ್ತಿತ್ತು. ತಾರಸಿ ಹಡಗಾಗುತ್ತಿತ್ತು. ಮೇಷ್ಟ್ರು ಹತ್ತಿ ಹೊರಟುಬಿಡುತ್ತಿದ್ದರು. ಎಲ್ಲೋ ಹೆಸರಿಲ್ಲದ ದ್ವೀಪಗಳ ನಡುವೆ ಒಂದು ಸುತ್ತು ಹಾಕಿ, ನಿಟ್ಟುಸಿರು ಬಿಟ್ಟು, "ಹ್ಞಾ... ಎಲ್ಲಿದ್ವಿ? ಟೇಬಲ್!" ಎಂದು ಇಳಿಯುತ್ತಿದ್ದರು. ಒಂದೇ ಕಡೆ ನಿಂತು ಕಣ್ಣು ಮಿಟುಕಿಸುತ್ತಿದ್ದುದರಿಂದಲೇ ಹುಡುಗರು ಅವರಿಗೆ 'ಕರ್ಸರ್' ಎಂದು ಹೆಸರಿಟ್ಟದ್ದು.

ಆ ದಿನ ಬೆಳಿಗ್ಗೆ ಹೆಂಡತಿ ಶರ್ಟಿನ ಗುಂಡಿ ಹಾಕುತ್ತಲೇ ಎಚ್ಚರಿಸಿದ್ದಳು. "ರೀ, ಇವತ್ತೊಂದು ದಿನ ನೆಲದ ಮೇಲಿರಿ. ಕೆಲಸ ಕಾಯಂ ಆದ್ಮೇಲೆ ಎಲ್ಲಿ ಬೇಕಾದ್ರೂ ಹಾರ್ಕೊಳ್ಳಿ." ಹೊರಗಿನಿಂದ ಬರುವ ಪರೀಕ್ಷಕರು 'ಮಕ್ಕಳು ಕಲಿತಿದ್ದಾರೆ' ಎಂದು ಬರೆದರೆ ಎಷ್ಟೋ ವರ್ಷಗಳ ತಾತ್ಕಾಲಿಕ ಕೆಲಸ ಕಾಯಂ. ಇಲ್ಲದಿದ್ದರೆ ಮುಂದಿನ ವರ್ಷ ಕುರ್ಚಿಯೂ ಇಲ್ಲ. ಮೇಷ್ಟ್ರು ಗಟ್ಟಿ ಮನಸ್ಸು ಮಾಡಿ, ಇಡೀ ದಿನ ಕಿಟಕಿಯ ಕಡೆ ತಲೆ ಎತ್ತುವುದಿಲ್ಲ ಎಂದುಕೊಂಡೇ ಹೊರಟರು.

ಪರೀಕ್ಷೆ ಶುರುವಾಯಿತು. ಒಂದು ನೋಟಿಸು ಟೈಪ್ ಮಾಡಿ, ಹೆಡಿಂಗ್ ಕೊಟ್ಟು, ಟೇಬಲ್ ಹಾಕಿ, ಪ್ರಿಂಟ್ ತೆಗೆಯಬೇಕು. ಪರೀಕ್ಷಕರು ಹುಬ್ಬು ಗಂಟಿಕ್ಕಿ ಸಾಲುಗಳ ನಡುವೆ ಓಡಾಡುತ್ತಿದ್ದರು. ಕರೆಯದೆ ಬರುವ ಲೆಕ್ಕಶಾಸ್ತ್ರದ ಮೇಡಂ "ಸಹಾಯಕ್ಕೆ ಬಂದೆ" ಎಂದು ಬಾಗಿಲಲ್ಲಿ ನಿಂತಾಗಲೇ, ಇನ್ನೇನು ಕಾದಿದೆಯೋ ಎಂದುಕೊಂಡರು ಮೇಷ್ಟ್ರು.

ಮಕ್ಕಳು ಹೆಡಿಂಗ್ ದಪ್ಪ ಮಾಡಿದರು. ನಡುವಿಗೆ ತಂದರು. ಆಮೇಲೆ, ಯಾರೋ ದಾರ ಎಳೆದಂತೆ, ಇಡೀ ಲ್ಯಾಬು ಕಿಟಕಿಯತ್ತ ತಿರುಗಿತು. ಎಲ್ಲರೂ ಕಣ್ಣು ಮಿಟುಕಿಸಿದರು. ಎಲ್ಲರೂ ನಿಟ್ಟುಸಿರು ಬಿಟ್ಟರು.

"ಸನ್ನೆ! ಹೊರಗಿಂದ ಕಾಪಿ ಹೊಡೆಸ್ತಿದಾರೆ!" ಎಂದು ಪರೀಕ್ಷಕರು ಕಿಟಕಿಗೆ ಓಡಿದರು.

ತಾರಸಿಯಲ್ಲಿ ಲಾಂಡ್ರಿಯವನು ಹೊದಿಕೆ ಕೊಡವುತ್ತಿದ್ದ. "ಎರಡು ಬಿಳಿ, ಒಂದು ನೀಲಿ," ಎಂದು ಮೇಡಂ ಬೆರಳು ಮಡಚಿದರು. "ಸರ್, ಇದ್ರಲ್ಲಿ ಏನೋ ಲೆಕ್ಕ ಇದೆ."

ಲಾಂಡ್ರಿಯವನನ್ನು ಒದ್ದೆ ಕೈಯಲ್ಲೇ ಕರೆತಂದರು. "ಸ್ವಾಮಿ, ನಾನು ಒಗೆದದ್ದನ್ನ ಒಣಗಿಸ್ತೀನಿ. ಅದಕ್ಕೂ ನಿಮ್ಮ ಪರ್ಮಿಷನ್ ಬೇಕಾ?" ಎಂದು ಅವನು ರೇಗಿದ. "ಈ ಮೇಷ್ಟ್ರು ದಿನಾ ನನ್ನ ನೋಡಿ ನಿಟ್ಟುಸಿರು ಬಿಡ್ತಾರೆ. ಏನೋ ಸಾಲದ ಕಷ್ಟ ಇರ್ಬೇಕು ಅಂತ ನಾನೂ ಸುಮ್ನಿದ್ದೆ."

ಮೇಷ್ಟ್ರು ನೆಲ ಬಿರಿಯಬಾರದೇ ಎಂದುಕೊಂಡರು. ಪರೀಕ್ಷಕರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. "ಯಾಕಮ್ಮ ಹೊರಗೆ ನೋಡಿದ್ದು?"

"ಅದು ನಾಲ್ಕನೇ ಹಂತ ಸರ್. ಸೆಲೆಕ್ಟು, ದಪ್ಪ, ನಡು, ಆಮೇಲೆ ಕಿಟಕಿ."

"ನೋಡದಿದ್ರೆ?"

"ಟೇಬಲ್ ಬರಲ್ಲ ಸರ್."

ಪರೀಕ್ಷಕರು ಕಿಟಕಿಯ ಪರದೆ ಎಳೆಸಿ, "ಈಗ ಮಾಡಿ" ಎಂದರು. ನಿಜವಾಗಿಯೂ ಯಾರಿಗೂ ಟೇಬಲ್ ಬರಲಿಲ್ಲ. ಬೆರಳುಗಳು ಕೀಲಿಗಳ ಮೇಲೆ ದಾರಿ ತಪ್ಪಿದ ಇರುವೆಗಳಂತೆ ತಡವರಿಸಿದವು. ತಮ್ಮ ಕನಸು ಮಕ್ಕಳ ಮಾರ್ಕ್ಸಿಗೆ ಕಲ್ಲು ಹಾಕುವುದನ್ನು ಮೇಷ್ಟ್ರಿಂದ ನೋಡಲಾಗಲಿಲ್ಲ.

"ತಪ್ಪು ನಂದು ಸರ್," ಎಂದರು. "ಪಾಠದ ಮಧ್ಯೆ ನಾನು... ಹಡಗು ಹತ್ತುತ್ತೀನಿ. ಅದನ್ನೂ ಕಲಿತುಬಿಟ್ಟಿದಾರೆ. ಮಕ್ಕಳ ಮಾರ್ಕ್ಸು ಕಳೀಬೇಡಿ. ನನ್ನ ಬೇಕಾದ್ರೆ ಕಳಿಸಿಬಿಡಿ."

"ಹಡಗು? ಯಾವ ಹಡಗು?" ಪರೀಕ್ಷಕರು ಸಿಟ್ಟಿನಿಂದಲೇ ಪರದೆ ಸರಿಸಿದರು.

ಗಾಳಿ ಬೀಸಿತು. ಹೊದಿಕೆಗಳು ನಿಧಾನವಾಗಿ ಉಸಿರೆಳೆದುಕೊಂಡು ಉಬ್ಬಿದವು. ಅವುಗಳ ಬೆಳಕು ಪರೀಕ್ಷಕರ ಮುಖದ ಮೇಲೆ ನೀರಿನ ಹಾಗೆ ಆಡಿತು. ಲ್ಯಾಬಿನ ಫ್ಯಾನಿನ ಸದ್ದು ಎಲ್ಲೋ ದೂರದ ಅಲೆಯಂತೆ ಕೇಳುತ್ತಿತ್ತು. ಗಂಟಿಕ್ಕಿದ ಹುಬ್ಬು ತಾನಾಗಿ ಸಡಿಲವಾಯಿತು.

"ಲಂಗರು ಎತ್ತಿದಾರಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಎತ್ತುತ್ತಾ ಇದಾರೆ ಸರ್," ಎಂದರು ಮೇಷ್ಟ್ರು, ಅಷ್ಟೇ ಮೆಲ್ಲಗೆ.

ಎಷ್ಟು ಹೊತ್ತು ಹೋಯಿತೋ. ಪರೀಕ್ಷಕರು ದೊಡ್ಡ ನಿಟ್ಟುಸಿರು ಬಿಟ್ಟು, ಇತ್ತ ತಿರುಗಿ, "ಹ್ಞಾ... ಎಲ್ಲಿದ್ವಿ?" ಎಂದರು.

"ಟೇಬಲ್!" ಎಂದಿತು ಇಡೀ ಲ್ಯಾಬು. ಟಕಟಕನೆ ಟೇಬಲುಗಳು ಬಿದ್ದವು, ಒಂದು ಗೆರೆಯೂ ಸೊಟ್ಟಗಿರಲಿಲ್ಲ. 'ಇಷ್ಟು ಆಳವಾದ ಕಲಿಕೆಯನ್ನು ನಾನು ಎಲ್ಲೂ ಕಂಡಿಲ್ಲ' ಎಂದು ಬರೆದು ಪರೀಕ್ಷಕರು ಹೊರಟರು. ಹೋಗುವಾಗಲೂ ಒಮ್ಮೆ ತಿರುಗಿ ನೋಡಿದರು.

ಮಧ್ಯಾಹ್ನ ಪ್ರಿನ್ಸಿಪಾಲರು ಮೇಷ್ಟ್ರ ಕೈ ಕುಲುಕಿದರು. "ಕಾಯಂ ಆಯ್ತು ಕಣ್ರೀ!" ಮೇಷ್ಟ್ರು ಆನಂದದಿಂದ ಆ ಕೈ ಬಿಡಲೇ ಇಲ್ಲ. ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

"ಆದ್ರೆ ಪಾಠಕ್ಕಲ್ಲ," ಎಂದು ಪ್ರಿನ್ಸಿಪಾಲರು ಮುಂದುವರಿಸಿದರು. "ನಿಮ್ಮ ನಾಲ್ಕನೇ ಹಂತ ಇವತ್ತಿಂದ್ಲೇ ಎಲ್ಲಾ ಸಬ್ಜೆಕ್ಟಿಗೂ. ಒಂದೊಂದೇ ಕ್ಲಾಸು ಈ ಲ್ಯಾಬಿಗೆ ಬಂದು ಕಿಟಕಿ ನೋಡ್ಕೊಂಡು ಹೋಗುತ್ತೆ. ಯಾರೂ ಜಾಸ್ತಿ ಹೊತ್ತು ಕಳೆದುಹೋಗಬಾರದಲ್ಲ? ಕಾವಲಿಗೆ ಒಬ್ಬರು ಬೇಕು. ಕಿಟಕಿಗೆ ಬೆನ್ನು ಹಾಕಿ, ಮುಖಗಳನ್ನ ನೋಡ್ತಾ ನಿಲ್ಲಬೇಕು. ಕದ್ದು ಕನಸು ಕಾಣೋ ಕಲೆ ಗೊತ್ತಿರೋರು ನೀವೊಬ್ಬರೇ!"

ಮೊದಲು ಬಂದದ್ದು ಲೆಕ್ಕಶಾಸ್ತ್ರದ ತರಗತಿ. ಮೇಷ್ಟ್ರು ಕಿಟಕಿಗೆ ಬೆನ್ನು ಹಾಕಿ ನಿಂತರು. ಮಕ್ಕಳು ನೋಡಿದರು, ನಿಟ್ಟುಸಿರು ಬಿಟ್ಟರು, ಹೊರಟರು. ಮೇಡಂ ಮಾತ್ರ ಕಿಟಕಿಯ ಕಂಬಿ ಹಿಡಿದು ಅಲ್ಲೇ ಉಳಿದರು.

"ಮೇಡಂ, ಹೊತ್ತಾಯ್ತು," ಎಂದರು ಮೇಷ್ಟ್ರು.

ಮೇಡಂ ಕಂಬಿಗೆ ಹಣೆ ಆನಿಸಿದರು.

ತಡೆಯಲಾರದೆ ಮೇಷ್ಟ್ರು ಪಿಸುಗುಟ್ಟಿದರು. "ಹಡಗು ಎಲ್ಲಿವರೆಗೆ ಹೋಗಿದೆ ಮೇಡಂ? ಸ್ವಲ್ಪ ಹೇಳ್ರಿ."

"ಅದೆಲ್ಲ ಹೇಳೋಕಾಗಲ್ಲ ಮೇಷ್ಟ್ರೇ, ನೋಡ್ಬೇಕು," ಎಂದರು ಮೇಡಂ, ಎಲ್ಲೋ ಬಹಳ ದೂರದಿಂದ. "ಆದ್ರೆ ನೀವು ತಿರುಗಬೇಡಿ. ಕಾಯಂ ಆದವರು."

ಮೇಷ್ಟ್ರು ಎದುರಿನ ಗೋಡೆ ನೋಡಿದರು. ಹೊಸದಾಗಿ ಸುಣ್ಣ ಹೊಡೆದ ಗೋಡೆ. ದ್ವೀಪವೆಂದುಕೊಳ್ಳಲು ಹುಡುಕಿದರೂ ಒಂದು ಬಿರುಕಿರಲಿಲ್ಲ.