ಎರಡು ಚಮಚ ಹೆಪ್ಪು

ಇನ್ನು ನಮ್ಮ ಮನೆಯಿಂದ ಒಂದು ಅಗುಳೂ ಕಸದ ಬುಟ್ಟಿ ಸೇರಕೂಡದು! ೧೯೯೮ರ ಜೂನ್ ತಿಂಗಳ ಒಂದು ಭಾನುವಾರ, ಪುಣೆಯ ಕೋಥರೂಡದಲ್ಲಿದ್ದ ನಮ್ಮ ಎರಡು ಕೋಣೆಗಳ ಸಾಮ್ರಾಜ್ಯದಲ್ಲಿ ನಾನು ಈ ರಾಜಾಜ್ಞೆ ಹೊರಡಿಸಿದೆ. ಕಾರಣವಿತ್ತು. ಮದುವೆಯಾಗಿ ಒಂದೂವರೆ ವರ್ಷವಾದರೂ ಇಬ್ಬರಿಗೆ ಎಷ್ಟು ಬೇಕೆಂಬ ಅಂದಾಜು ನಮಗಿರಲಿಲ್ಲ. ತುಂಬಿದ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಮಂಜರಿ ಎಂಟು ಜನರಿಗಾಗುವಷ್ಟು ಅನ್ನಕ್ಕಿಡುತ್ತಿದ್ದಳು. ನಾನು ತರುತ್ತಿದ್ದ ಕೊತ್ತಂಬರಿ ಒಂದು ಮುಂಜಿಗೆ ಸಾಲುತ್ತಿತ್ತು. ಉಳಿದದ್ದೆಲ್ಲ ವಾರವಿಡೀ ಫ್ರಿಜ್ಜಿನಲ್ಲಿ ಬಿಡಾರ ಹೂಡಿ, ಶನಿವಾರ ಬುಟ್ಟಿಗೆ ದಯಮಾಡಿಸುತ್ತಿತ್ತು.

ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ, ದಿನಾಂಕ ಹಚ್ಚಿ ಜೋಡಿಸಿಡುವುದು ನನ್ನ ವೃತ್ತಿ. ಕ್ಯಾಸೆಟ್ಟಿಗೆ ಸಲ್ಲುವ ಶಿಸ್ತು ಬದನೆಕಾಯಿ ಪಲ್ಯಕ್ಕೇಕೆ ಸಲ್ಲಬಾರದು? ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದೆ. ಹಳೆಯದು ಮುಂದೆ, ಹೊಸದು ಹಿಂದೆ. ಚೀಟಿಯಿಲ್ಲದ್ದನ್ನು ಕಂಡ ದಿನವೇ ತಿಂದು ಮುಗಿಸತಕ್ಕದ್ದು!

"ಇದೇನ್ರಿ, ಫ್ರಿಜ್ಜೋ ನಿಮ್ಮ ಆಫೀಸೋ?" ಎಂದಳು ಮಂಜರಿ.

"ನಗಬ್ಯಾಡ. ಮೂರು ವಾರ ತಡಿ, ನೋಡೀಯಂತ."

ಮೂರು ವಾರದಲ್ಲಿ ನಮ್ಮ ಬುಟ್ಟಿ ಎಷ್ಟು ಬರಿದಾಯಿತೆಂದರೆ, ಕಸ ಒಯ್ಯುವ ಪ್ರೇಮಾವತಿಬಾಯಿ, ಊರಿಗೆ ಹೋಗಿದ್ದಿರೇನು ಎಂದು ಮರಾಠಿಯಲ್ಲಿ ವಿಚಾರಿಸಿದಳು!

ನಾಲ್ಕನೆಯ ವಾರದ ಬುಧವಾರ. ಮಂಜರಿ ಶಿವಾಜಿನಗರದ ತನ್ನ ಆಫೀಸಿಗೆ ಹೋಗಿದ್ದಳು; ನನಗೆ ಅಂದು ರಜೆ. ಮಧ್ಯಾಹ್ನದ ತಪಾಸಣೆಗೆಂದು ಫ್ರಿಜ್ ತೆರೆದೆ. ಎರಡು ದಿನದ ಹಿಂದಿನ ಜೋಳದ ರೊಟ್ಟಿ. ಮೂಲೆಯಲ್ಲೊಂದು ಪುಟ್ಟ ಬಟ್ಟಲು, ಅದರ ತಳದಲ್ಲಿ ಎರಡು ಚಮಚ ಮೊಸರು. ಚೀಟಿಯಿಲ್ಲ! ರೊಟ್ಟಿ ಮುರಿದು ಅದರಲ್ಲಿ ಕಲಸಿ, ನಿಂತಲ್ಲೇ ಉಂಡು, ಬಟ್ಟಲು ಬೆಳಗಿಟ್ಟೆ.

ಸಂಜೆ ಹಾಲು ಕಾಯಿಸಿ ಆರಲಿಟ್ಟ ಮಂಜರಿ ಫ್ರಿಜ್ಜಿನ ಮುಂದೆ ನಿಂತೇ ಇದ್ದಳು.

"ರೀ, ಬಟ್ಟಲದಾಗಿನ ಹೆಪ್ಪು ಎಲ್ಲದ?"

"ಆ ಮೊಸರಾ? ಖಾಲಿ ಮಾಡೀನಿ! ಒಂದು ಹನಿ ಕೆಡಿಸಿಲ್ಲ!"

"ಅದು ಅವ್ವನ ಹೆಪ್ಪು ರೀ."

ಮದುವೆಯಾದಾಗ ಧಾರವಾಡದಿಂದ ನಮ್ಮ ಅತ್ತೆ ಡಬ್ಬಿಯಲ್ಲಿ ಕೊಟ್ಟು ಕಳಿಸಿದ್ದಂತೆ. ಅದರಿಂದ ದಿನವೂ ಹೆಪ್ಪು ಹಾಕಿ, ಎರಡು ಚಮಚ ಮರುದಿನಕ್ಕೆಂದು ತೆಗೆದಿಡುತ್ತಿದ್ದಳು. ಅತ್ತೆ ಹಿಂದಿನ ಶ್ರಾವಣದಲ್ಲಿ ತೀರಿಕೊಂಡರು. ಅವರ ಮೊಸರು ಮಾತ್ರ ನಮ್ಮಲ್ಲಿ ತಪ್ಪದೆ ಆಗುತ್ತಿತ್ತು. ನನಗಿದು ತಿಳಿದಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಎಸ್‌ಟಿಡಿ ಬೂತಿಗೆ ಓಡಿ, ಧಾರವಾಡದಲ್ಲಿದ್ದ ಮಂಜರಿಯ ತಮ್ಮ ಅವಧೂತನಿಗೆ ಫೋನು ಹಚ್ಚಿದೆ.

"ಅವ್ವನ ಹೆಪ್ಪಾ? ಎಲ್ಲೀದು ಭಾವಾ! ಅವ್ವ ಹೋದ ಮ್ಯಾಲ ನಮ್ಮಲ್ಲೆ ಅಂಗಡಿ ಮೊಸರ. ಅಕ್ಕನ ಕಡೆ ಅದ ಅಂತ ಸುಮ್ಮನಿದ್ದೆವು."

ಮನೆಗೆ ಬಂದೆ. ಹಾಲು ಕೆನೆಗಟ್ಟಿತ್ತು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಬಾಜೂ ಮನಿಯಿಂದ ಹೆಪ್ಪು ಇಸ್ಕೊಂಡು ಬರ್ಲೇನು?" ಎಂದೆ.

"ಮೊಸರೇನ್ರಿ, ಯಾರ ಹೆಪ್ಪು ಹಾಕಿದ್ರೂ ಆಗ್ತದ." ಹಾಲಿನ ಮೇಲೆ ತಟ್ಟೆ ಮುಚ್ಚಿದಳು. "ಒಂದು ಹೇಳ್ರಿ. ಮುಂಜಾನೆ ಬಸ್ಸಿನ ಗಡಿಬಿಡಿಯೊಳಗ ಉಳಿದ ಮೊಸರು ಉಣ್ಣೋವಾಗ ನಾ ಲಕ್ಷ್ಯ ಕೊಡಲಿಲ್ಲ. ಕಡೀಕ ಉಂಡವರು ನೀವು. ಹೆಂಗಿತ್ತು?"

ಐವತ್ತು ವರ್ಷದ ಹಿಂದಿನ ಮದುವೆಯೂಟದ ರುಚಿಯನ್ನು ಮುದುಕರ ಬಾಯಿಂದ ತಾಳ್ಮೆಯಿಂದ ಹೊರಡಿಸಬಲ್ಲ ಮಹಾಶಯ ನಾನು! ಆರು ತಾಸಿನ ಹಿಂದಿನದು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಹುಳಿ ಇತ್ತೋ, ಸಿಹಿ ಇತ್ತೋ? ಅಷ್ಟರೆ ಹೇಳ್ರಿ."

"ಉಪ್ಪಿತ್ತು," ಎಂದೆ.

ಆ ಉಪ್ಪು ನಾನು ಹಾಕಿಕೊಂಡದ್ದು.